ಮೂವತ್ತು–ನಲವತ್ತರ ನಿವೇಶನದಲ್ಲಿ ಹಗಲು ದೀಪ ಹಾಕದ ಮನೆ: ಬೆಳಕನ್ನು ಎಲ್ಲಿಂದ ತರುವುದು?

ಹೊಸಮನೆ, ತುಮಕೂರು

ಎಲ್ಲರಿಗೂ ನಮಸ್ಕಾರ. ತುಮಕೂರಿನ ಹೊರವಲಯದ ಬಡಾವಣೆಯೊಂದರಲ್ಲಿ ನಮಗೆ 30×40 ಅಡಿಯ, ಉತ್ತರಕ್ಕೆ ರಸ್ತೆಯಿರುವ ನಿವೇಶನವಿದೆ. ಒಂಬತ್ತು ವರ್ಷಗಳಿಂದ ನಾವು ಬಾಡಿಗೆಗಿರುವ ಮನೆಯಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಹಾಕಿದ ಟ್ಯೂಬ್‌ಲೈಟನ್ನು ರಾತ್ರಿ ಮಲಗುವಾಗಲೇ ಆರಿಸುವುದು. ನಮ್ಮ ತಾಯಿಗೆ ಎಪ್ಪತ್ತೆರಡು ವರ್ಷ; ಅಕ್ಕಿಯಲ್ಲಿ ಕಲ್ಲು ಆರಿಸಬೇಕೆಂದರೆ ಮೊರ ಹಿಡಿದುಕೊಂಡು ಮುಂಬಾಗಿಲ ಹೊಸ್ತಿಲಿಗೆ ಬಂದು ಕೂರುತ್ತಾರೆ, ಏಕೆಂದರೆ ಅಡುಗೆಮನೆಯಲ್ಲಿ ದೀಪ ಹಾಕಿದರೂ ಅವರಿಗೆ ಕಲ್ಲು ಕಾಣುವುದಿಲ್ಲ. ಹೊಸ ಮನೆಯಲ್ಲಾದರೂ ಈ ಪಾಡು ಬೇಡವೆಂಬುದೇ ನನ್ನ ಮೊದಲ ಬೇಡಿಕೆ.

ನೆಲಮಹಡಿ ಮತ್ತು ಅದರ ಮೇಲೊಂದು ಅಂತಸ್ತು ಕಟ್ಟುವ ಯೋಚನೆಯಿದೆ. ಪೂರ್ವಕ್ಕೆ ಆಗಲೇ ಎರಡು ಅಂತಸ್ತಿನ ಮನೆ ಎದ್ದು ನಿಂತಿದೆ. ಹಿಂದುಗಡೆ, ಎಂದರೆ ದಕ್ಷಿಣಕ್ಕೆ, ಒಂದೇ ಅಂತಸ್ತಿನ ಹಳೆಯ ಮನೆಯಿದೆ. ಪಶ್ಚಿಮದ ನಿವೇಶನ ಸದ್ಯಕ್ಕೆ ಖಾಲಿ. ಎಂಜಿನಿಯರರು ಬರೆದುಕೊಟ್ಟ ನಕ್ಷೆಯಲ್ಲಿ ಎರಡು ಪಕ್ಕಕ್ಕೂ ಮೂರು ಮೂರು ಅಡಿ ಬಿಟ್ಟು, ಮುಂದೆ ಹಾಲ್, ಈಶಾನ್ಯದಲ್ಲಿ ದೇವರಮನೆ, ನಡುವೆ ಊಟದ ಜಾಗ, ಆಗ್ನೇಯಕ್ಕೆ ಅಡುಗೆಮನೆ, ನೈಋತ್ಯಕ್ಕೆ ತಾಯಿಯ ಕೋಣೆ, ವಾಯವ್ಯದಲ್ಲಿ ಮೆಟ್ಟಿಲು ಬಂದಿವೆ. ಸೂರ್ಯನ ಬೆಳಕು ಆದಷ್ಟೂ ಹೆಚ್ಚು ಬರಬೇಕೆಂದು ಕೇಳಿದ್ದಕ್ಕೆ ಅವರು ಎಲ್ಲ ಗೋಡೆಗೂ ಆರಡಿಯ ಸ್ಲೈಡಿಂಗ್ ಕಿಟಕಿ ಹಾಕಿ, ಊಟದ ಜಾಗದ ನೆತ್ತಿಗೆ ಸ್ಕೈಲೈಟ್ ಒಂದನ್ನು ತೋರಿಸಿದ್ದಾರೆ. ಇಷ್ಟು ಮಾಡಿದರೆ ಸಾಕೇ? ಅನುಭವವಿದ್ದವರು ದಯವಿಟ್ಟು ತಿಳಿಸಿ. ಮುಂದಿನ ತಿಂಗಳು ಪಾಯ ತೆಗೆಸಬೇಕೆಂದಿದ್ದೇವೆ.

ಒಂಟಿಕೊಪ್ಪಲು, ಮೈಸೂರು

ಸ್ಕೈಲೈಟ್ ಎಂಬ ಮಾತು ಕೇಳಿದೊಡನೆ ನಾನು ಬರೆಯದೆ ಇರಲಾರೆ. ಎಂಟು ವರ್ಷಗಳ ಹಿಂದೆ ನಮ್ಮ ಮನೆಯ ಮೆಟ್ಟಿಲ ನೆತ್ತಿಗೆ ನಾಲ್ಕಡಿ–ಆರಡಿಯ ಕಿಂಡಿ ಬಿಟ್ಟು, ಅದರ ಮೇಲೆ ಪಾಲಿಕಾರ್ಬೊನೇಟ್ ಶೀಟು ಹೊದಿಸಿದರು. ಗೃಹಪ್ರವೇಶದ ದಿನ ಬಂದವರೆಲ್ಲ ಕತ್ತೆತ್ತಿ ನೋಡಿ ಮೆಚ್ಚಿದ್ದೇ ಮೆಚ್ಚಿದ್ದು. ಏಪ್ರಿಲ್ ಬಂತು, ಮಧ್ಯಾಹ್ನ ಮೆಟ್ಟಿಲ ರೇಲಿಂಗಿನ ಸ್ಟೀಲನ್ನು ಮುಟ್ಟಲಾಗುತ್ತಿರಲಿಲ್ಲ, ಮೇಲಿನ ಅಂತಸ್ತಿನ ಎರಡೂ ಕೋಣೆಗಳ ಬಾಗಿಲು ಮುಚ್ಚಿಯೇ ಇಡಬೇಕಾಯಿತು. ಮಳೆಗಾಲದಲ್ಲಿ ಶೀಟಿನ ಮೇಲೆ ಬೀಳುವ ಹನಿಯ ಸದ್ದಿಗೆ ಟಿವಿ ಕೇಳಿಸುತ್ತಿರಲಿಲ್ಲ. ನಾಲ್ಕನೇ ವರ್ಷಕ್ಕೆ ಶೀಟು ಹಳದಿಯಾಗಿ, ಅದರಡಿಯಲ್ಲಿ ನಿಂತವರೆಲ್ಲ ಕಾಮಾಲೆಯವರಂತೆ ಕಾಣತೊಡಗಿದರು. ಗಾರೆ ಮತ್ತು ಶೀಟು ಸೇರುವ ಕಡೆ ನೀರು ಜಿನುಗಿದ್ದಂತೂ ಎರಡನೇ ಮಳೆಗೇ.

ಕೊನೆಗೆ ಆ ಕಿಂಡಿಯನ್ನು ಕಾಂಕ್ರೀಟಿನಿಂದ ಮುಚ್ಚಿಸಿ, ಮೆಟ್ಟಿಲ ಹೆಡ್‌ರೂಮಿನ ಗೋಡೆಯನ್ನು ಮೂರಡಿ ಎತ್ತರಿಸಿ, ಉತ್ತರ ಮತ್ತು ಪೂರ್ವಕ್ಕೆ ತೆರೆಯಬಹುದಾದ ಕಿಟಕಿಗಳನ್ನು ಇಡಿಸಿದೆವು. ಬೆಳಕು ಕಡಿಮೆಯಾಗಲಿಲ್ಲ. ಬಿಸಿಗಾಳಿ ಮೇಲೇರಿ ಆ ಕಿಟಕಿಗಳ ಮೂಲಕವೇ ಹೊರಗೆ ಹೋಗುತ್ತದೆ. ಮೊದಲೇ ಹೀಗೆ ಮಾಡಿದ್ದರೆ ಎರಡು ಸಲ ಖರ್ಚು ಮಾಡುವುದು ತಪ್ಪುತ್ತಿತ್ತು.

ನಕ್ಷೆ ಮತ್ತು ಗಾರೆ, ಬೆಂಗಳೂರು

ವೃತ್ತಿಯಿಂದ ನಾನು ವಾಸ್ತುಶಿಲ್ಪಿ. ಇಪ್ಪತ್ತೆರಡು ವರ್ಷಗಳಿಂದ ಹೆಚ್ಚಾಗಿ ಇಂಥ ಮೂವತ್ತು–ನಲವತ್ತರ ಮನೆಗಳನ್ನೇ ಬರೆದಿದ್ದೇನೆ. ಮೂಲ ಪ್ರಶ್ನೆಯಲ್ಲಿ ಒಂದು ಪದವನ್ನು ಬದಲಿಸಿಕೊಳ್ಳಬೇಕೆಂದು ನನ್ನ ಸಲಹೆ. ತಮಗೆ ಬೇಕಿರುವುದು ಬೆಳಕು, ಬಿಸಿಲಲ್ಲ. ಕನ್ನಡದಲ್ಲಿ ಈ ಎರಡಕ್ಕೂ ಬೇರೆ ಬೇರೆ ಪದಗಳಿರುವುದು ನಮ್ಮ ಪುಣ್ಯ, ಆದರೆ ನಕ್ಷೆ ಬರೆಯುವಾಗ ನಾವು ಅದನ್ನು ಮರೆಯುತ್ತೇವೆ. ಅಕ್ಕಿ ಆರಿಸುವುದಕ್ಕೆ ಬೇಕಾದದ್ದು ಆಕಾಶದಿಂದ ಚದುರಿ ಬರುವ ತಂಪು ಬೆಳಕು. ನೇರ ಬಿಸಿಲು ಮೊರದ ಮೇಲೆ ಬಿದ್ದರೆ ಕಣ್ಣು ಕುಕ್ಕುತ್ತದೆಯೇ ಹೊರತು ಕಲ್ಲು ಕಾಣುವುದಿಲ್ಲ.

ತುಮಕೂರು ಇರುವುದು ಸುಮಾರು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆದ್ದರಿಂದ ಡಿಸೆಂಬರ್ 21ರ ಸುಮಾರಿಗೆ ನಡುಹಗಲ ಸೂರ್ಯ ದಕ್ಷಿಣದಲ್ಲಿ 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಮಾರ್ಚ್ ಮತ್ತು ಸೆಪ್ಟೆಂಬರಿನ ಸಮಹಗಲಿರುಳಿನಲ್ಲಿ ಸುಮಾರು 77 ಡಿಗ್ರಿಗೆ ಏರುತ್ತಾನೆ. ಏಪ್ರಿಲ್ ಕೊನೆಯ ವಾರ ಸರಿಯಾಗಿ ನೆತ್ತಿಯ ಮೇಲೆ ಬಂದು, ಅಲ್ಲಿಂದ ಆಗಸ್ಟ್ ಮೂರನೇ ವಾರದವರೆಗೆ ನಡುಹಗಲಿನಲ್ಲಿ ಉತ್ತರದ ಕಡೆಗೇ ಇರುತ್ತಾನೆ. ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ಸಲ ಶೂನ್ಯ ನೆರಳಿನ ದಿನವೆಂದು ಮಕ್ಕಳು ಬಾಟಲಿ ನಿಲ್ಲಿಸಿ ನೋಡುತ್ತಾರಲ್ಲ, ಅದು ಇದೇ. ನಡುಹಗಲು ಎಂದರೆ ಗಡಿಯಾರದ ಹನ್ನೆರಡು ಗಂಟೆಯಲ್ಲ ಎಂಬುದನ್ನೂ ನೆನಪಿಡಬೇಕು. ನಮ್ಮ ಗಡಿಯಾರವು 82.5 ಡಿಗ್ರಿ ರೇಖಾಂಶದ ಸಮಯವನ್ನು ತೋರಿಸುತ್ತದೆ, ನಾವಿರುವುದು 77ರ ಆಸುಪಾಸಿನಲ್ಲಿ. ಆದ್ದರಿಂದ ಸೂರ್ಯ ನೆತ್ತಿಗೆ ಬರುವಾಗ ಸರಾಸರಿ ಹನ್ನೆರಡು ಇಪ್ಪತ್ತಾಗಿರುತ್ತದೆ.

ಇಷ್ಟು ಗೊತ್ತಿದ್ದರೆ ದಿಕ್ಕುಗಳ ಗುಣ ತಾನಾಗಿ ತಿಳಿಯುತ್ತದೆ. ದಕ್ಷಿಣದ ಕಿಟಕಿಯನ್ನು ಪಳಗಿಸುವುದು ಬಲು ಸುಲಭ: ನಾಲ್ಕೂವರೆ ಅಡಿ ಎತ್ತರದ ಕಿಟಕಿಯ ಮೇಲೆ ಎರಡಡಿಯ ಸಜ್ಜವಿದ್ದರೆ, ಸುಮಾರು ಫೆಬ್ರವರಿ 20ರಿಂದ ಅಕ್ಟೋಬರ್ 22ರವರೆಗೆ ನಡುಹಗಲ ಬಿಸಿಲು ಗಾಜನ್ನು ಮುಟ್ಟುವುದಿಲ್ಲ, ಚಳಿಯ ನಾಲ್ಕು ತಿಂಗಳು ಮಾತ್ರ ಕಿಟಕಿಯ ಕೆಳಭಾಗದಿಂದ ಒಳಗೆ ಬರುತ್ತದೆ. ಉತ್ತರದ ಕಿಟಕಿ ವರ್ಷವಿಡೀ ಸಮನಾದ ಬೆಳಕು ಕೊಡುತ್ತದೆ. ಮೇ, ಜೂನ್, ಜುಲೈ ತಿಂಗಳಲ್ಲಿ ಬೆಳಗು–ಸಂಜೆ ಓರೆಯಾಗಿ ಬೀಳುವ ಬಿಸಿಲಿಗೆ ಕಿಟಕಿಯ ಎರಡು ಮಗ್ಗುಲಲ್ಲಿ ಒಂದಡಿಯ ನಿಲುವು ಪಟ್ಟಿ ಕೊಟ್ಟರೆ ಸಾಕು. ತೊಂದರೆ ಕೊಡುವುದು ಪಶ್ಚಿಮ. ಏಪ್ರಿಲಿನ ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಸೂರ್ಯ ಸುಮಾರು ಮೂವತ್ತು ಡಿಗ್ರಿಯ ಎತ್ತರಕ್ಕೆ ಇಳಿದಿರುತ್ತಾನೆ. ಎಷ್ಟು ಉದ್ದದ ಸಜ್ಜ ಹಾಕಿದರೂ ಅದರಡಿಯಿಂದ ನುಸುಳಿ ಬಂದು ಹಾಸಿಗೆಯ ಮೇಲೆ ಮಲಗುತ್ತಾನೆ. ಪಶ್ಚಿಮಕ್ಕೆ ಆರಡಿಯ ಗಾಜು ಹಾಕಿದ್ದನ್ನು ಮೊದಲು ಅಳಿಸಿ.

ಥೇಮ್ಸ್ ದಂಡೆ, ಲಂಡನ್

ಮೇಲಿನ ಮಾತಿಗೆ ಒಂದು ಸೇರ್ಪಡೆ. ಹದಿನಾಲ್ಕು ವರ್ಷಗಳಿಂದ ಇಲ್ಲಿರುವ ನಾನು ಕಳೆದ ಬಾರಿ ಊರಿಗೆ ಬಂದಾಗ ತಮ್ಮನ ಹೊಸ ಮನೆ ನೋಡಿ ಬೆಚ್ಚಿದೆ. ನೆಲದಿಂದ ಚಾವಣಿಯವರೆಗೆ ಗಾಜು, ಸಜ್ಜವೇ ಇಲ್ಲ. ಎಲ್ಲವೂ ಅಂತರ್ಜಾಲದಲ್ಲಿ ನೋಡಿದ ಯೂರೋಪಿನ ಮನೆಗಳ ಪಡಿಯಚ್ಚು. ಇಲ್ಲಿ ಡಿಸೆಂಬರಿನ ನಡುಹಗಲಿನಲ್ಲಿಯೂ ಸೂರ್ಯ ಸುಮಾರು 15 ಡಿಗ್ರಿ ಎತ್ತರಕ್ಕೆ ಏರಿ ಹಾಗೆಯೇ ಇಳಿದುಬಿಡುತ್ತಾನೆ, ಸಂಜೆ ನಾಲ್ಕಕ್ಕೆ ಕತ್ತಲಾಗುತ್ತದೆ. ದಕ್ಷಿಣಕ್ಕೆ ಗಾಜಿಟ್ಟು ಒಂದೊಂದು ಕಿರಣವನ್ನೂ ಒಳಗೆ ಕೂಡಿಸಿಕೊಳ್ಳುವುದು ಇಲ್ಲಿಯವರಿಗೆ ಬದುಕಿನ ಅಗತ್ಯ. ಅದೇ ಗಾಜನ್ನು ತಮ್ಮನ ಮನೆಯ ಪಶ್ಚಿಮಕ್ಕೆ ಹಾಕಿ, ಈಗ ಅದಕ್ಕೆ ಎರಡು ಪದರ ಪರದೆ ಎಳೆದು, ಹಗಲೆಲ್ಲ ಒಳಗೆ ಎಲ್‌ಇಡಿ ಉರಿಸಿಕೊಂಡು ಕೂತಿದ್ದಾರೆ. ಬೆಳಕಿಗೆಂದು ಇಟ್ಟ ಗಾಜಿನಿಂದಲೇ ಮನೆ ಕತ್ತಲಾಯಿತು.

ಬೆಳಕಿಂಡಿ, ಬಾಗಲಕೋಟೆ

ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳನ್ನು ನೋಡಿದವರಿಗೆ ಈ ಚರ್ಚೆ ಹೊಸದೆನಿಸುವುದಿಲ್ಲ. ಗೋಡೆ ಎರಡಡಿಗೂ ದಪ್ಪ, ಹೊರಗೋಡೆಗೆ ಕಿಟಕಿ ಇಲ್ಲವೆಂಬಷ್ಟು ಕಡಿಮೆ, ಮೇಲೆ ಮಣ್ಣಿನ ಮೇಲ್ಮುದ್ದೆ. ಬೆಳಕೆಲ್ಲ ಬರುತ್ತಿದ್ದುದು ಮಾಳಿಗೆಯಲ್ಲಿ ಬಿಟ್ಟ ಒಂದು ಮೊಳದ ಬೆಳಕಿಂಡಿಯಿಂದ. ನಮ್ಮ ಅಜ್ಜಿ ಆ ಕಿಂಡಿಯಿಂದ ಇಳಿದ ಬಿಸಿಲಿನ ಕೋಲು ಯಾವ ಕಂಬವನ್ನು ಮುಟ್ಟಿದೆ ಎಂದು ನೋಡಿ, ರೊಟ್ಟಿ ಬಡಿಯಲು ಏಳುತ್ತಿದ್ದರು. ಮಳೆ ಹನಿಯತೊಡಗಿದರೆ ಮಕ್ಕಳಲ್ಲಿ ಒಬ್ಬರು ಮಾಳಿಗೆ ಹತ್ತಿ ತಗಡು ಮುಚ್ಚಿ ಬರಬೇಕಿತ್ತು.

ನಾಲ್ವತ್ತು ಡಿಗ್ರಿ ದಾಟುವ ಬೇಸಿಗೆಯಲ್ಲಿ ಅಷ್ಟು ಸಣ್ಣ ಕಿಂಡಿಯೇ ಸಾಕಾಗುತ್ತಿತ್ತು ಎಂಬುದು ಗಮನಿಸಬೇಕಾದ ಸಂಗತಿ, ಏಕೆಂದರೆ ಗೋಡೆಯ ಒಂದು ಚದರಡಿ ಕಿಟಕಿಗಿಂತ ನೆತ್ತಿಯ ಒಂದು ಚದರಡಿ ಕಿಂಡಿ ಎಷ್ಟೋ ಪಾಲು ಹೆಚ್ಚು ಆಕಾಶವನ್ನು ಕಾಣುತ್ತದೆ. ಮೈಸೂರಿನವರ ಇಪ್ಪತ್ನಾಲ್ಕು ಚದರಡಿಯ ಕಿಂಡಿಯ ಅಳತೆಯೇ ತಪ್ಪಾಗಿತ್ತು ಎಂದು ನನ್ನ ಅನಿಸಿಕೆ. ಕಿಂಡಿಯೆಂಬ ಉಪಾಯ ತಪ್ಪಲ್ಲ.

ಒಂಟಿಕೊಪ್ಪಲು, ಮೈಸೂರು

ಒಪ್ಪಿದೆ. ಆದರೆ ತಗಡು ಮುಚ್ಚಲು ಮಾಳಿಗೆ ಹತ್ತುವ ಮಕ್ಕಳು ಈಗ ಯಾರ ಮನೆಯಲ್ಲಿದ್ದಾರೆ?

ಸುರಿಮಳೆ, ಪುತ್ತೂರು

ನಮ್ಮದು ಹೆಂಚಿನ ಮನೆ. ಬಾಸೆಲ್ ಮಿಷನ್ನಿನವರು 1860ರ ದಶಕದಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಕರಾವಳಿಯ ಮುಳಿಹುಲ್ಲಿನ ಮಾಡುಗಳು ಒಂದೊಂದಾಗಿ ಕೆಂಪಾದವು. ಅದೇ ಅಳತೆಯ ಗಾಜಿನ ಹೆಂಚು ಬಂದ ಮೇಲಂತೂ ಬೆಳಕಿನ ಸಮಸ್ಯೆ ಅರ್ಧ ಬಗೆಹರಿಯಿತು. ಮಾಡಿನ ಮರದ ಪಕಾಸು, ರೀಪು ಯಾವುದನ್ನೂ ಮುಟ್ಟದೆ ಒಂದು ಮಣ್ಣಿನ ಹೆಂಚು ತೆಗೆದು ಅಲ್ಲಿ ಗಾಜಿನದನ್ನು ಕೂರಿಸಿದರೆ ಮುಗಿಯಿತು. ಅಡುಗೆಕೋಣೆಗೆ ಎರಡು, ಬಚ್ಚಲಿಗೆ ಒಂದು, ಹೀಗೆ ನಮ್ಮ ಇಡೀ ಮನೆಗೆ ಇರುವುದು ಏಳು. ವರ್ಷಕ್ಕೊಮ್ಮೆ ಹಾವಸೆ ಉಜ್ಜಿ ತೊಳೆಯಬೇಕು, ಅಷ್ಟೇ. ಹೆಚ್ಚು ಬೇಕೆನಿಸಿ ಒಮ್ಮೆ ಚಾವಡಿಗೆ ನಾಲ್ಕು ಹಾಕಿಸಿದ ನಮ್ಮ ತಂದೆಯವರು, ಮಾರ್ಚಿನಲ್ಲಿ ಆರಾಮಕುರ್ಚಿಯನ್ನು ಗಳಿಗೆಗೊಮ್ಮೆ ಸರಿಸಿ ಸಾಕಾಗಿ, ಎರಡನ್ನು ತೆಗೆಸಿಬಿಟ್ಟರು.

ಆರ್‌ಸಿಸಿ ಮನೆಗೆ ಇದು ಹೊಂದುವುದಿಲ್ಲವೆಂದು ಬಲ್ಲೆ. ಆದರೂ ತುಮಕೂರಿನವರು ತಾರಸಿಯ ಮೇಲೆ ಮುಂದೆ ಶೀಟು ಹೊದಿಸುವ ಯೋಚನೆಯಿದ್ದರೆ ಈಗಲೇ ಹೇಳಲಿ. ಬಟ್ಟೆ ಒಣಗಿಸಲು, ಸೋರಿಕೆ ತಡೆಯಲು ಎಂದು ಎಲ್ಲರೂ ತಾರಸಿಗೆ ಶೀಟು ಹಾಕಿಸಿಕೊಳ್ಳುತ್ತಾರೆ. ಕೆಳಗೆ ಬಿಟ್ಟ ಕಿಂಡಿಗಳೆಲ್ಲ ಅದರಡಿಯಲ್ಲಿ ಕುರುಡಾಗುತ್ತವೆ.

ನಕ್ಷೆ ಮತ್ತು ಗಾರೆ, ಬೆಂಗಳೂರು

ಈಗ ಈ ನಿವೇಶನದ ನಿಜವಾದ ತೊಡಕಿಗೆ ಬರೋಣ. ಪೂರ್ವಕ್ಕೆ ಕಿಟಕಿಯಿಟ್ಟರೆ ಎಳೆಬಿಸಿಲು ಬರುತ್ತದೆ ಎಂಬುದು ಬಯಲಿನಲ್ಲಿ ಕಟ್ಟಿದ ಮನೆಗೆ ಸರಿ. ಇಲ್ಲಿ ತಮ್ಮ ಮೂರಡಿ, ಪಕ್ಕದವರ ಮೂರಡಿ, ಒಟ್ಟು ಆರಡಿಯ ಓಣಿ. ಅದರಾಚೆ ಪ್ಯಾರಪೆಟ್ ಸೇರಿ ಸುಮಾರು 22 ಅಡಿಯ ಗೋಡೆ. ಕಿಟಕಿಯ ನಡುಭಾಗ ನೆಲದಿಂದ ನಾಲ್ಕಡಿ ಎತ್ತರದಲ್ಲಿದೆ ಎಂದುಕೊಂಡರೆ, ಎದುರಿನ ಗೋಡೆ ಅಲ್ಲಿಂದ ಹದಿನೆಂಟಡಿ ಮೇಲಕ್ಕಿದೆ. ಆರಕ್ಕೆ ಹದಿನೆಂಟು, ಎಂದರೆ ಒಂದಕ್ಕೆ ಮೂರು. ಸೂರ್ಯ ಎಪ್ಪತ್ತೊಂದು ಡಿಗ್ರಿಗಿಂತ ಮೇಲೇರಿದ ಮೇಲಷ್ಟೇ ಆ ಕಿಟಕಿಗೆ ಕಾಣುತ್ತಾನೆ. ಈ ಮಾರ್ಚ್ ತಿಂಗಳಲ್ಲಿ ಆಗ ಗಡಿಯಾರದಲ್ಲಿ ಹನ್ನೊಂದು ಕಾಲು ಆಗಿರುತ್ತದೆ. ಪೂರ್ವದ ಕಿಟಕಿಯನ್ನು ಆರಡಿಯಿಂದ ಎಂಟಡಿಗೆ ಅಗಲಿಸಿದರೂ ಅದು ನೋಡುವುದು ಪಕ್ಕದವರ ಗೋಡೆಯನ್ನೇ.

ದಯವಿಟ್ಟು ನನ್ನ ಲೆಕ್ಕವನ್ನು ನಂಬಬೇಡಿ. ಭಾನುವಾರ ನಿವೇಶನಕ್ಕೆ ಹೋಗಿ, ಪೂರ್ವದ ಗಡಿಯಿಂದ ಮೂರಡಿ ಒಳಗೆ ಒಂದು ಕೋಲು ನೆಟ್ಟು, ನಾಲ್ಕಡಿಗೆ ಸುಣ್ಣದ ಗುರುತು ಹಾಕಿ, ಪಕ್ಕದ ಮನೆಯ ನೆರಳು ಆ ಗುರುತನ್ನು ಎಷ್ಟು ಹೊತ್ತಿಗೆ ಬಿಡುತ್ತದೆಂದು ನೋಡಿ. ಗಡಿಯಿಂದ ಒಂಬತ್ತಡಿ ಒಳಗೆ ಇನ್ನೊಂದು ಕೋಲು ನೆಡಿ. ಆ ಎರಡನೆಯ ಕೋಲಿಗಾಗಿಯೇ ನಾನು ಇಷ್ಟು ಬರೆದದ್ದು.

ನನ್ನ ಸಲಹೆ ಇಷ್ಟು: ಊಟದ ಜಾಗದ ಬಳಿ ಪೂರ್ವದ ಗೋಡೆಯನ್ನು ಹತ್ತಡಿಯ ಉದ್ದಕ್ಕೆ ಆರಡಿ ಒಳಗೆ ತಳ್ಳಿ, ಒಂದು ಮಗ್ಗುಲಂಗಳ ಮಾಡಿ. ಎರಡೂ ಅಂತಸ್ತಿನಲ್ಲಿ ಹಾಗೆಯೇ ಬಿಡಿ, ಮೇಲೆ ಏನನ್ನೂ ಮುಚ್ಚಬೇಡಿ. ಆಗ ಓಣಿ ಅಲ್ಲಿ ಆರಡಿಯ ಬದಲು ಹನ್ನೆರಡು ಅಡಿಯಾಗುತ್ತದೆ. ಎಪ್ಪತ್ತೊಂದು ಡಿಗ್ರಿಯ ಜಾಗದಲ್ಲಿ ಐವತ್ತಾರು ಸಾಕಾಗುತ್ತದೆ. ಬಿಸಿಲು ಒಂದು ಗಂಟೆ ಮೊದಲೇ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಊಟದ ಜಾಗಕ್ಕೆ ಪೂರ್ವದಿಂದ, ಅಡುಗೆಮನೆಗೆ ಉತ್ತರದಿಂದ, ಹಾಲಿನ ಹಿಂಭಾಗಕ್ಕೆ ದಕ್ಷಿಣದಿಂದ, ಹೀಗೆ ಮೂರು ಗೋಡೆಗೆ ಆಕಾಶ ಸಿಗುತ್ತದೆ. ಸ್ಕೈಲೈಟಿನ ಗಾಜಿಲ್ಲ, ಸೋರಿಕೆಯಿಲ್ಲ, ಸದ್ದಿಲ್ಲ. ಮಳೆನೀರು ಅಂಗಳಕ್ಕೆ ಬಿದ್ದು ನಾಲ್ಕಿಂಚಿನ ಪೈಪಿನಿಂದ ಹೋಗುತ್ತದೆ. ಹಳೇ ಮೈಸೂರಿನ ತೊಟ್ಟಿಯನ್ನು ಮನೆಯ ನಡುವಿನಿಂದ ಪಕ್ಕಕ್ಕೆ ಸರಿಸಿದಂತೆ. ನಡುವಿನಲ್ಲಿಯೇ ತೊಟ್ಟಿ ಬಿಡಬಾರದೇ ಎಂದು ಅನೇಕರು ಕೇಳುತ್ತಾರೆ. ಹಳೆಯ ತೊಟ್ಟಿಮನೆಗಳು ಅಗಲವಾದವು, ಮಾಡಿನ ಇಳಿಜಾರು ತಗ್ಗಿನದು. ಎರಡಂತಸ್ತಿನ ಆರ್‌ಸಿಸಿ ಮನೆಯ ನಡುವೆ ಐದಡಿಯ ಚೌಕ ಬಿಟ್ಟರೆ ಅದು ಬಾವಿಯಾಗುತ್ತದೆ, ತಳಕ್ಕೆ ಇಳಿಯುವ ಬೆಳಕು ತೀರಾ ಕಡಿಮೆ.

ಉಳಿದವು ಸಣ್ಣ ಮಾತುಗಳು. ಕಿಟಕಿಯ ಬೆಳಕು ಒಳಗೆ ಎಷ್ಟು ದೂರ ಹೋಗುತ್ತದೆ ಎಂಬುದು ಅದರ ಅಗಲಕ್ಕಿಂತ ಅದರ ಮೇಲಂಚು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಅವಲಂಬಿಸಿದೆ. ಎತ್ತರದ ಸುಮಾರು ಎರಡರಷ್ಟು ದೂರ ಎಂದು ಅಂದಾಜಿಸಿಕೊಳ್ಳಿ. ಏಳಡಿಯ ಲಿಂಟಲ್ಲಿಗೆ ಹದಿನಾಲ್ಕಡಿ, ಎಂಟಡಿಗೆ ಹದಿನಾರಡಿ. ಹಾಗಾಗಿ ಹಾಲಿನ ಕಿಟಕಿಯನ್ನು ಅಗಲಿಸುವ ಬದಲು ಎತ್ತರಿಸಿ, ಅದರ ಮೇಲೆ ಅಟ್ಟ ಹಾಕಿಸಬೇಡಿ. ರಾಷ್ಟ್ರೀಯ ಕಟ್ಟಡ ಸಂಹಿತೆಯು ಕಿಟಕಿಯಿಂದ ಏಳೂವರೆ ಮೀಟರಿಗಿಂತ ಆಚೆಯ ಜಾಗವನ್ನು ಬೆಳಕುಳ್ಳದ್ದೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ವಾಸದ ಮನೆಗಳ ಇಂಧನ ಉಳಿತಾಯಕ್ಕೆಂದು ಬಂದ 2018ರ ಇಕೋ ನಿವಾಸ್ ಸಂಹಿತೆಯು ಬೆಂಗಳೂರಿನಂಥ ಸಮಶೀತೋಷ್ಣ ವಲಯದಲ್ಲಿ ತೆರೆಯಬಹುದಾದ ಕಿಟಕಿ–ಬಾಗಿಲುಗಳ ವಿಸ್ತೀರ್ಣ ನೆಲದ ಶೇಕಡ 12.5ರಷ್ಟಾದರೂ ಇರಲಿ ಎನ್ನುತ್ತದೆ. ಕರಾವಳಿಯಂಥ ತೇವದ ವಲಯಕ್ಕೆ 16.66. 'ತೆರೆಯಬಹುದಾದ' ಎಂಬ ಪದವನ್ನು ಗಮನಿಸಿ: ಎರಡು ಕದದ ಸ್ಲೈಡಿಂಗ್ ಕಿಟಕಿ ಎಂದೂ ಅರ್ಧಕ್ಕಿಂತ ಹೆಚ್ಚು ತೆರೆಯುವುದಿಲ್ಲ.

ಮೇಸ್ತ್ರಿ ಮಗ, ಹಾಸನ

ನಕ್ಷೆಯಲ್ಲಿ ಬಂದ ಬೆಳಕು ಮನೆಗೆ ಬರುವಷ್ಟರಲ್ಲಿ ಅರ್ಧವಾಗುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ನಾಲ್ಕಡಿಯ ಕಿಟಕಿಗೆ ದಪ್ಪ ಚೌಕಟ್ಟು, ಅದರ ಹಿಂದೆ ಮೂರಿಂಚಿಗೊಂದು ಗ್ರಿಲ್ಲು, ಅದರ ಹಿಂದೆ ಕಪ್ಪು ಸೊಳ್ಳೆಪರದೆ, ಮೇಲೆ ಬಣ್ಣದ ಗಾಜು. ಎಲ್ಲ ಕಳೆದು ಉಳಿದದ್ದೆಷ್ಟು? ಸೊಳ್ಳೆಪರದೆಯಂತೂ ಆರು ತಿಂಗಳಿಗೆ ದೂಳು ಕುಡಿದು ಗೋಣಿತಾಟಿನಂತಾಗುತ್ತದೆ. ಬಿಚ್ಚಿ ತೊಳೆಯಲು ಬರುವ ಚೌಕಟ್ಟಿನಲ್ಲಿಯೇ ಹಾಕಿಸಿಕೊಳ್ಳಿ.

ಇನ್ನೊಂದು ಮಾತು. ಮಗ್ಗುಲಂಗಳದ ಗೋಡೆಗೆ ಕಲ್ಲಿನ ಕ್ಲಾಡಿಂಗ್, ಕಡುಬಣ್ಣದ ಟೆಕ್ಸ್‌ಚರ್ ಬೇಡವೇ ಬೇಡ. ಬಿಳಿ ಬಣ್ಣ ಹೊಡೆಸಿ, ನೆಲಕ್ಕೆ ಸಾದರಹಳ್ಳಿಯ ತಿಳಿಬೂದು ಕಲ್ಲು ಹಾಸಿಸಿ. ಬಿದ್ದ ಬೆಳಕನ್ನು ಅವು ಮತ್ತೆ ಒಳಗೆ ತಳ್ಳುತ್ತವೆ. ಸಾಧ್ಯವಿದ್ದರೆ ಪಕ್ಕದ ಮನೆಯವರನ್ನು ಕೇಳಿ, ತಮ್ಮ ಖರ್ಚಿನಲ್ಲಿಯೇ ಅವರ ಪಶ್ಚಿಮದ ಗೋಡೆಗೂ ಬಿಳಿ ಹೊಡೆಸಿಕೊಡಿ. ನಮ್ಮ ತಂದೆ ಒಂದು ಮನೆಗೆ ಹೀಗೆ ಮಾಡಿಸಿದ್ದರು, ಎರಡೂ ಮನೆಯವರು ಸಂತೋಷಪಟ್ಟರು.

ಸುರಿಮಳೆ, ಪುತ್ತೂರು

ಒಂದು ಸಂದೇಹ. ನಾಳೆ ಪಶ್ಚಿಮದ ಖಾಲಿ ನಿವೇಶನದವರು, ಅಥವಾ ಹಿಂದಿನ ಮನೆಯವರು ಮೇಲೆ ಕಟ್ಟಿ ಕಿಟಕಿಗೆ ಅಡ್ಡವಾದರೆ ಕೇಳುವ ಹಕ್ಕು ಇರುವುದಿಲ್ಲವೇ?

ಥೇಮ್ಸ್ ದಂಡೆ, ಲಂಡನ್

ಇಲ್ಲಿ ಬೆಳಕಿನ ಹಕ್ಕೆಂಬುದು ಹಳೆಯ ಕಾನೂನು. ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ಕಿಟಕಿಗೆ ಬೆಳಕು ಬಂದಿದ್ದರೆ ಎದುರಿನವರು ಅದನ್ನು ತಡೆದು ಕಟ್ಟುವುದು ಕಷ್ಟ. ಆ ಬೇರಿನಿಂದಲೇ ಬಂದ 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯ 15ನೇ ಕಲಮಿನಲ್ಲಿಯೂ ಇಪ್ಪತ್ತು ವರ್ಷವೆಂದೇ ಇದೆ. ಹೊಸ ಮನೆಗೆ ಆ ಇಪ್ಪತ್ತು ವರ್ಷ ಎಲ್ಲಿಂದ ಬರಬೇಕು? ಆದ್ದರಿಂದ ಪಕ್ಕದವರ ಖಾಲಿ ಜಾಗವನ್ನು ನೆಚ್ಚಿ ಕಿಟಕಿಯಿಡದೆ, ತಮ್ಮದೇ ನಿವೇಶನದೊಳಗೆ ಬಿಟ್ಟ ಆಕಾಶವನ್ನು ನೆಚ್ಚುವುದೇ ಕ್ಷೇಮ.

ಹೊಸಮನೆ, ತುಮಕೂರು

ಎಲ್ಲರಿಗೂ ಕೃತಜ್ಞತೆಗಳು. ಭಾನುವಾರ ಮಗನನ್ನು ಕರೆದುಕೊಂಡು ಹೋಗಿ ಎರಡು ಸರ್ವೆ ಕೋಲುಗಳನ್ನು ನೆಟ್ಟೆವು. ಏಳೂವರೆಗೆ ಇಡೀ ನಿವೇಶನ ಪಕ್ಕದ ಮನೆಯ ನೆರಳಿನಲ್ಲಿ ಮುಳುಗಿತ್ತು. ಒಂಬತ್ತಡಿ ಒಳಗಿನ ಕೋಲಿನ ಸುಣ್ಣದ ಗುರುತಿಗೆ ಹತ್ತು ಇಪ್ಪತ್ತಕ್ಕೆ ಬಿಸಿಲು ಬಂತು. ಗಡಿಯ ಕೋಲಿಗೆ ಹನ್ನೊಂದು ಇಪ್ಪತ್ತರವರೆಗೂ ಬರಲಿಲ್ಲ. ಬಂದ ಮೇಲೂ ಅವರ ಸಿಂಟೆಕ್ಸ್ ಟ್ಯಾಂಕಿನ ನೆರಳು ಅಡ್ಡ ಬಂದು ಇನ್ನೂ ಹತ್ತು ನಿಮಿಷ ತಿಂದಿತು. ಅಲ್ಲಿಯವರೆಗೆ ಇದೆಲ್ಲ ಕಾಗದದ ಲೆಕ್ಕವೆಂದು ನಗುತ್ತಿದ್ದ ಮಗ, ಆಮೇಲೆ ಮೊಬೈಲಿನಲ್ಲಿ ನಿಮಿಷ ನಿಮಿಷಕ್ಕೂ ಚಿತ್ರ ತೆಗೆದ.

ಮನೆಯಲ್ಲಿ ವಾದ ನಡೆಯದೆ ಇರಲಿಲ್ಲ. ಅಂತಸ್ತಿಗೆ ಅರವತ್ತು ಚದರಡಿ, ಎರಡಕ್ಕೂ ಸೇರಿ ಒಂದು ಚದರಕ್ಕಿಂತ ಹೆಚ್ಚು ಜಾಗ ಸುಮ್ಮನೆ ಬಿಡುವುದೇ, ಅಲ್ಲಿ ಒಂದು ಸ್ಟೋರ್ ಆಗುತ್ತಿತ್ತಲ್ಲ ಎಂದು ನನ್ನ ಅಣ್ಣ. ಎಂಜಿನಿಯರರು ಮಾತ್ರ ಬೇಸರಿಸದೆ ನಕ್ಷೆ ತಿದ್ದಿಕೊಟ್ಟರು. ಪಶ್ಚಿಮದ ಕಿಟಕಿಗಳು ಎರಡಡಿಯ ವೆಂಟಿಲೇಟರುಗಳಾಗಿವೆ, ಸ್ಕೈಲೈಟ್ ಹೋಗಿದೆ, ಮೆಟ್ಟಿಲ ಹೆಡ್‌ರೂಮಿಗೆ ಉತ್ತರದ ಕಿಟಕಿ ಬಂದಿದೆ. ತಾರಸಿಗೆ ಶೀಟು ಹಾಕಿಸುವುದಿಲ್ಲ. ಇನ್ನು ಒಂದೇ ಪ್ರಶ್ನೆ ಉಳಿದಿದೆ. ಚಳಿಗಾಲದಲ್ಲಿ ತಾಯಿಗೆ ಕೂರಲು ಸ್ವಲ್ಪ ಹೊತ್ತಾದರೂ ಬಿಸಿಲು ಬೇಕು. ಅವರಿಗೆ ಮೆಟ್ಟಿಲು ಹತ್ತಿಸಲಾಗದು. ಮಗ್ಗುಲಂಗಳದಲ್ಲಿ ಕಟ್ಟೆ ಎಲ್ಲಿ ಹಾಕಿಸಲಿ? ಅಡುಗೆಮನೆಯ ಗೋಡೆಗೆ ಒರಗಿದಂತೆ ಇದ್ದರೆ ಓಡಾಟಕ್ಕೆ ಅನುಕೂಲ ಎನ್ನುತ್ತಾರೆ.

ನಕ್ಷೆ ಮತ್ತು ಗಾರೆ, ಬೆಂಗಳೂರು

ಅಡುಗೆಮನೆಯ ಗೋಡೆ ಅಂಗಳದ ದಕ್ಷಿಣಕ್ಕಿದೆ, ಆದ್ದರಿಂದ ಅದರ ಬುಡದಲ್ಲಿ ಚಳಿಗಾಲವಿಡೀ ನೆರಳೇ. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದೇ ನೇರ ಪೂರ್ವದಿಂದ ಇಪ್ಪತ್ನಾಲ್ಕು ಡಿಗ್ರಿ ದಕ್ಷಿಣಕ್ಕೆ, ಮುಳುಗುವುದೂ ಪಶ್ಚಿಮದಿಂದ ಅಷ್ಟೇ ದಕ್ಷಿಣಕ್ಕೆ. ಬೆಂಗಳೂರಿನ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಸಂಕ್ರಾಂತಿಯ ಸಂಜೆಯ ಕಿರಣ ನಂದಿಯ ಕೊಂಬುಗಳ ನಡುವಿನಿಂದ ಹಾದು ಲಿಂಗವನ್ನು ಮುಟ್ಟುವುದು ಈ ದಕ್ಷಿಣದ ವಾಲುವಿಕೆಯಿಂದಲೇ. ತಮ್ಮ ಅಂಗಳಕ್ಕೆ ಆ ಕಾಲದಲ್ಲಿ ಬಿಸಿಲು ಆಗ್ನೇಯದಿಂದ ಓರೆಯಾಗಿ ಬರುತ್ತದೆ. ತಮ್ಮದೇ ಅಡುಗೆಮನೆ ಅದಕ್ಕೆ ಅಡ್ಡ.

ಆದ್ದರಿಂದ ಕಟ್ಟೆ ಉತ್ತರದ ಮೂಲೆಗಿರಲಿ, ಬೆನ್ನು ಹಾಲಿನ ಗೋಡೆಗೆ, ಮುಖ ದಕ್ಷಿಣಕ್ಕೆ. ಹತ್ತಡಿಯಲ್ಲಿ ಉತ್ತರದ ತುದಿಯ ಮೂರಡಿಯಷ್ಟು ಜಾಗ ಬಿಸಿಲಿಗೆ ಸಿಗುತ್ತದೆ, ಹತ್ತೂವರೆಯಿಂದ ಸುಮಾರು ಒಂದು ಗಂಟೆಯ ಹೊತ್ತು. ಕಟ್ಟೆಯ ಎತ್ತರ ಹದಿನೆಂಟು ಇಂಚು, ಅಗಲ ಎರಡಡಿ ಇದ್ದರೆ ಕಾಲು ಮಡಚಿ ಕೂರಲೂಬಹುದು. ಹೊರಗಿನ ಓಣಿಯ ಕಡೆಗೆ ಗೋಡೆ ಎತ್ತದೆ, ಬರೀ ಗ್ರಿಲ್ ಗೇಟ್ ಇಡಿ. ಗೋಡೆ ಎತ್ತಿದರೆ ಆ ಒಂದು ಗಂಟೆಯೂ ಹೋಗುತ್ತದೆ.

ಹೊಸಮನೆ, ತುಮಕೂರು

ಹಾಗೆಯೇ ಆಗಲಿ. ಗುರುವಾರ ಮೇಸ್ತ್ರಿಯವರು ಸುಣ್ಣದ ಪುಡಿಯಲ್ಲಿ ಪಾಯದ ಗುರುತು ಹಾಕಿದರು. ಉತ್ತರದ ಮೂಲೆಯಲ್ಲಿ ನಾಲ್ಕು ಇಟ್ಟಿಗೆ ಜೋಡಿಸಿ ತಾಯಿಯನ್ನು ಕೂರಿಸಿ ನೋಡಿದೆವು. ಕೈಯಲ್ಲಿ ಮೊರವಿರಲಿಲ್ಲ, ಆದರೂ ಅಂಗೈಯನ್ನು ಮುಂದೆ ಚಾಚಿ ಹಿಂದುಮುಂದು ತಿರುಗಿಸಿ ನೋಡಿಕೊಂಡು, ಎರಡಡಿ ಅಗಲ ಸಾಲದು, ಮೊರ ಇಡಲು ಪಕ್ಕದಲ್ಲಿ ಇನ್ನೊಂದಡಿ ಬೇಕು ಎಂದರು. ಎರಡಡಿಯನ್ನು ಮೂರಡಿ ಮಾಡಿಸಿದ್ದೇನೆ.